ಇನ್ನೂರರ ಫೈಬರ್‌ನಲ್ಲಿ ಹನ್ನೊಂದೇ ಏಕೆ: ಸಾಗರದ ಒಂದು ಮದುವೆ ಸ್ಟುಡಿಯೋದ ಪ್ರಕರಣ

ಸಾಗರದಲ್ಲಿ ಮದುವೆಯ ಫೋಟೊ, ವಿಡಿಯೊ ಮಾಡಿಕೊಡುವ ಒಂದು ಸ್ಟುಡಿಯೋ ಇದೆ. ಕಳೆದ ವೈಶಾಖದ ಸೀಸನ್ ಶುರುವಾಗುವ ಹೊತ್ತಿಗೆ ಅದರ ಯಜಮಾನರು 200 ಎಂಬಿಪಿಎಸ್‌ನ ಫೈಬರ್ ಕನೆಕ್ಷನ್ ಹಾಕಿಸಿದರು. ಅವರ ವಿಡಿಯೊಗಳ ಎಡಿಟಿಂಗ್ ಆಗುವುದು ಬೆಂಗಳೂರಿನಲ್ಲಿ. ಅಲ್ಲಿಯವರೆಗೆ ಫೂಟೇಜ್ ಹೋಗುತ್ತಿದ್ದದ್ದು ಹಾರ್ಡ್‌ಡಿಸ್ಕ್‌ನಲ್ಲಿ, ರಾತ್ರಿ ಬಸ್ಸಿನ ಪಾರ್ಸೆಲ್ಲಾಗಿ. ಡಿಸ್ಕ್ ಬಿದ್ದರೆ, ಮಳೆಗೆ ನೆನೆದರೆ, ತಪ್ಪಿ ಇನ್ನೆಲ್ಲೋ ಇಳಿದುಬಿಟ್ಟರೆ ಯಾರದೋ ಮನೆಯ ಮದುವೆಯೇ ಕೈತಪ್ಪಿ ಹೋಗುತ್ತದೆ. ಮುಹೂರ್ತವನ್ನು ಮತ್ತೊಮ್ಮೆ ಶೂಟ್ ಮಾಡಲು ಬರುವುದಿಲ್ಲ. ಆ ಹೆದರಿಕೆ ತಪ್ಪಲಿ ಎಂದೇ ಫೈಬರ್ ಹಾಕಿಸಿದ್ದು.

ಮೊದಲು ಕಳಿಸಬೇಕಾಗಿದ್ದ ಮದುವೆಯ ಫೂಟೇಜ್ 360 ಜಿಬಿ ಇತ್ತು. ಯಜಮಾನರು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು: ಸೆಕೆಂಡಿಗೆ 200 ಎಂಬಿ ಅಂದಮೇಲೆ 1800 ಸೆಕೆಂಡ್, ಅಂದರೆ ಅರ್ಧ ಗಂಟೆ. ರಾತ್ರಿ ಒಂಬತ್ತಕ್ಕೆ ಅಪ್‌ಲೋಡ್‌ಗೆ ಹಾಕಿ ಒಂಬತ್ತೂವರೆಗೆ ಶಟರ್ ಎಳೆದು ಮನೆಗೆ ಹೋಗುವ ಅಂದಾಜು. ಹನ್ನೊಂದು ಗಂಟೆಯಾದರೂ ಕಾಲು ಭಾಗ ದಾಟಿರಲಿಲ್ಲ. ಪರದೆಯಲ್ಲಿ ವೇಗ 11.2 ಎಂದು ತೋರಿಸುತ್ತಿತ್ತು. ಕಂಪ್ಯೂಟರ್ ಆಫ್ ಮಾಡಿ ಹೋದರು. ಮರುದಿನ ಮತ್ತೆ ಹಾಕಿದರು, ಮತ್ತೆ ಅದೇ 11.2. ಅದೇ ವಾರ ಗಾಳಿಮಳೆಗೆ ಕರೆಂಟ್ ಹೋಗಿ ಬಂದು ಆಗುತ್ತಿದ್ದರಿಂದ ದೊಡ್ಡ ಫೈಲುಗಳು ಅರ್ಧಕ್ಕೆ ನಿಂತು ಮೊದಲಿಂದ ಶುರುವಾದವು. ಕೊನೆಗೆ ಡಿಸ್ಕನ್ನು ಬಸ್ಸಿಗೇ ಹಾಕಿದರು.

ಸಾಗರ, ಸೊರಬ, ಹೊಸನಗರದ ಕಡೆ ಅಂಗಡಿ, ಶಾಲೆ, ಆಫೀಸುಗಳಿಗೆ ನೆಟ್‌ವರ್ಕ್ ಮಾಡಿಕೊಡುವುದು ನನ್ನ ಕೆಲಸ. ಯಜಮಾನರು ನನಗೆ ಫೋನ್ ಮಾಡಿದಾಗ ಆಡಿದ ಮಾತು: "ಎಂತ ಮಾರಾಯ ಇದು, ಇನ್ನೂರಕ್ಕೆ ದುಡ್ಡು ತಗೊಂಡು ಹನ್ನೊಂದು ಕೊಡೂದಾ?" ಕಸ್ಟಮರ್ ಕೇರ್‌ನವರಿಗೂ ಅವರು ಇದನ್ನೇ ಹೇಳಿದ್ದರು. ಅಲ್ಲಿಂದ ಬಂದ ಉತ್ತರ: "ಸರ್, ನಮ್ಮ ಟೆಸ್ಟ್‌ನಲ್ಲಿ ನಿಮಗೆ 94 ಬರ್ತಾ ಇದೆ. ವೈಫೈ ಸಮಸ್ಯೆ ಇರಬಹುದು." ಲೈನಿನ ಹುಡುಗ ಬಂದು ಪವರ್ ಮೀಟರ್ ಹಿಡಿದು "ಮೈನಸ್ 19 ಇದೆ, ಸಿಗ್ನಲ್ ಚೆನ್ನಾಗಿದೆ" ಎಂದು ಹೇಳಿ ಹೋಗಿದ್ದ. ಮೈನಸ್ ಎಂದರೆ ಕಡಿಮೆ ಬಿದ್ದಿದೆ ಎಂದೇ ಅರ್ಥ ಎಂದು ಯಜಮಾನರಿಗೆ ಇನ್ನಷ್ಟು ಸಂಶಯ. ಇದರ ಮಧ್ಯೆ ಬೆಂಗಳೂರಿನ ಎಡಿಟರ್ ಜೊತೆ ಬೇರೊಂದು ಜಟಾಪಟಿ. ಅವರ ಕಂಪ್ಯೂಟರಿನಲ್ಲಿ ಆ ಫೋಲ್ಡರ್ 360 ಜಿಬಿ ತೋರಿಸುತ್ತದೆ, ಸ್ಟುಡಿಯೋದ ಕಂಪ್ಯೂಟರಿನಲ್ಲಿ 335. ನಡುವಿನ 25 ಜಿಬಿ ಎಲ್ಲಿಂದ ಬಂತು?

ಹೀಗೆ 200, 94, 11.2, ಮೈನಸ್ 19, 360, 335 ಎಂಬ ಆರು ಅಂಕಿಗಳು ಜಗಳಕ್ಕೆ ನಿಂತಿದ್ದವು. ಇವುಗಳಲ್ಲಿ ಒಂದೂ ಸುಳ್ಳಲ್ಲ. ಪ್ರತಿಯೊಬ್ಬರೂ ತಮ್ಮ ಅಳತೆಯಲ್ಲಿ ಸರಿಯಾಗಿಯೇ ಹೇಳುತ್ತಿದ್ದರು. ಎಲ್ಲವನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಮಾತ್ರ ಯಾರೂ ಮಾಡಿರಲಿಲ್ಲ.

94 ಮತ್ತು 11.2: ಒಂದೇ ವೇಗ

ನೆಟ್ ಕೊಡುವವರು ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ. ಡಿಸ್ಕ್, ಫೈಲು, ಕಾಪಿ ಆಗುವಾಗ ಕಾಣುವ ಕಿಟಕಿ ಇವೆಲ್ಲ ಬೈಟ್‌ನಲ್ಲಿ ಹೇಳುತ್ತವೆ. ಒಂದು ಬೈಟ್ ಅಂದರೆ ಎಂಟು ಬಿಟ್. ಇಂಗ್ಲಿಷಿನಲ್ಲಿ ಸಣ್ಣಕ್ಷರ, ದೊಡ್ಡಕ್ಷರದ ವ್ಯತ್ಯಾಸವಾದರೂ ಇದೆ. ಕನ್ನಡದಲ್ಲಿ ಬರೆದರೆ ಎರಡಕ್ಕೂ 'ಎಂಬಿ'ಯೇ ಆಗುವುದರಿಂದ ಈ ಬರಹದಲ್ಲಿ ಮೆಗಾಬಿಟ್, ಮೆಗಾಬೈಟ್ ಎಂದು ಬಿಡಿಸಿಯೇ ಬರೆಯುತ್ತೇನೆ.

200 ಮೆಗಾಬಿಟ್ ಅಂದರೆ ಸೆಕೆಂಡಿಗೆ 25 ಮೆಗಾಬೈಟ್. ಆದ್ದರಿಂದ ಎಲ್ಲವೂ ಸರಿಯಿದ್ದರೂ 360 ಜಿಬಿಗೆ 14,400 ಸೆಕೆಂಡ್, ಅಂದರೆ ನಾಲ್ಕು ಗಂಟೆ ಬೇಕು. ಅರ್ಧ ಗಂಟೆಯ ಆಸೆ ಇಲ್ಲಿಗೇ ಮುಗಿಯಿತು. ಆದರೆ ನಾಲ್ಕು ಗಂಟೆ ಎಂದರೆ ಸೆಕೆಂಡಿಗೆ 25 ಕಾಣಬೇಕಿತ್ತು. ಕಂಡದ್ದು 11.2.

ಎಂಟರಿಂದ ಭಾಗಿಸಿದರೆ ಮುಗಿಯಿತು ಎಂದು ಹೇಳುವವರು ಇಲ್ಲಿ ಸಿಕ್ಕಿಬೀಳುತ್ತಾರೆ. 11.2ನ್ನು ಎಂಟರಿಂದ ಗುಣಿಸಿದರೆ 89.6 ಬರುತ್ತದೆ, ಕಸ್ಟಮರ್ ಕೇರ್ ಹೇಳಿದ 94 ಬರುವುದಿಲ್ಲ. ನಡುವಿನ ಅಂತರಕ್ಕೆ ಕಾರಣ ಸಾವಿರದ ಎಣಿಕೆ. ನೆಟ್‌ವರ್ಕ್‌ನಲ್ಲಿ ಮೆಗಾ ಅಂದರೆ ಯಾವಾಗಲೂ ಸರಿಯಾಗಿ ಹತ್ತು ಲಕ್ಷ, ಗಿಗಾ ಅಂದರೆ ನೂರು ಕೋಟಿ. ವಿಂಡೋಸ್ ಮಾತ್ರ ಹಳೆಯ ಪದ್ಧತಿಯಂತೆ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಆದರೂ ಎಂಬಿ, ಜಿಬಿ ಎಂದೇ ಹೆಸರು ಹಾಕುತ್ತದೆ. ಅದರ ಒಂದು 'ಎಂಬಿ' 10,48,576 ಬೈಟ್. 11.2ನ್ನು ಇದರಿಂದ ಗುಣಿಸಿ ಎಂಟು ಪಟ್ಟು ಮಾಡಿದರೆ ಸರಿಯಾಗಿ 94ರ ಹತ್ತಿರ ಬರುತ್ತದೆ. ಯಜಮಾನರ 11.2 ಮತ್ತು ಕಂಪನಿಯ 94 ಒಂದೇ ವೇಗ. ಇಬ್ಬರೂ ಒಂದೇ ಮಾತನ್ನು ಹೇಳುತ್ತಾ ವಾರವಿಡೀ ವಾದ ಮಾಡಿದ್ದರು.

360 ಮತ್ತು 335ರ ಜಟಾಪಟಿಯೂ ಇದರಲ್ಲೇ ಬಗೆಹರಿಯಿತು. 360 ಜಿಬಿಯನ್ನು 1024ರ ಲೆಕ್ಕಕ್ಕೆ ಇಳಿಸಿದರೆ 335.3. ಎಡಿಟರ್ ಬಳಸುವುದು ಮ್ಯಾಕ್. ಮ್ಯಾಕ್ 2009ರಿಂದ ಸಾವಿರದ ಲೆಕ್ಕದಲ್ಲೇ ತೋರಿಸುತ್ತದೆ. ಒಂದು ಟಿಬಿ ಎಂದು ಬರೆದ ಹೊಸ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಕಾಣುವುದೂ ಇದೇ ಕಾರಣಕ್ಕೆ. 1024ರ ಎಣಿಕೆಗೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ವಿದ್ಯುತ್ ಉಪಕರಣಗಳ ಮಾನಕ ರೂಪಿಸುವ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್ 1998ರಲ್ಲೇ ಕೊಟ್ಟಿದೆ. ಅಂಗಡಿಯ ಮಟ್ಟದಲ್ಲಿ ಅವು ಬಳಕೆಗೆ ಬರಲಿಲ್ಲ ಅಷ್ಟೆ. ಕೆಲಸದ ಮಾತು ಹೇಳುವುದಾದರೆ, ಎರಡು ಬೇರೆ ಬೇರೆ ಕಂಪ್ಯೂಟರಿನ ನಡುವೆ ಫೋಲ್ಡರ್ ಪೂರ್ತಿ ಬಂತೇ ಎಂದು ನೋಡುವಾಗ ಜಿಬಿಯನ್ನು ಹೋಲಿಸಲೇಬಾರದು. ಪ್ರಾಪರ್ಟೀಸ್‌ನಲ್ಲಿ ಪಕ್ಕದಲ್ಲೇ ಬರೆದಿರುವ ಪೂರ್ತಿ ಬೈಟ್‌ಗಳ ಸಂಖ್ಯೆಯನ್ನು ಹೋಲಿಸಬೇಕು. ಅದು ಎಲ್ಲಿ ನೋಡಿದರೂ ಒಂದೇ.

94 ಎಂಬ ಅಂಕಿಯೇ ಹೇಳಿದ್ದು

ಅಂಕಿಗಳು ಕೂಡಿದವು, ಆದರೆ 200 ಇರಬೇಕಾದಲ್ಲಿ 94 ಏಕೆ ಎಂಬುದು ಉಳಿಯಿತು. ಈ ಕೆಲಸದಲ್ಲಿರುವವರಿಗೆ 94 ಎಂಬ ಅಂಕಿ ನೋಡಿದ ಕೂಡಲೇ ಒಂದು ಅನುಮಾನ ಬರುತ್ತದೆ. ರೂಟರಿನಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲಿನಲ್ಲಿ ಡೇಟಾ ಪೊಟ್ಟಣ ಪೊಟ್ಟಣವಾಗಿ ಹೋಗುತ್ತದೆ. ಒಂದು ಪೂರ್ತಿ ಪೊಟ್ಟಣ ಕೇಬಲಿನ ಮೇಲೆ 1538 ಬೈಟ್‌ಗಳ ಜಾಗ ಹಿಡಿಯುತ್ತದೆ. ಅದರಲ್ಲಿ ವಿಳಾಸ, ಪರಿಶೀಲನೆ, ನಡುವಿನ ಖಾಲಿ ಇವೆಲ್ಲ ಕಳೆದು ನಮ್ಮ ನಿಜವಾದ ಸರಕು 1448 ಬೈಟ್. ನೂರಕ್ಕೆ 94. ಅಂದರೆ 100 ಮೆಗಾಬಿಟ್‌ನ ಕೇಬಲ್ ಸಂಪೂರ್ಣ ತುಂಬಿ ಹರಿಯುತ್ತಿದ್ದಾಗ ಸ್ಪೀಡ್ ಟೆಸ್ಟ್ ತೋರಿಸುವ ಅಂಕಿಯೇ 94. ಫೈಬರ್ ಸೋರುತ್ತಿದ್ದರೆ ಅಂಕಿ 130, 70, 160 ಎಂದು ಏರಿಳಿಯುತ್ತಿತ್ತು. ದಿನಾ ಹಗಲೂ ರಾತ್ರಿಯೂ 94ಕ್ಕೇ ಅಂಟಿಕೊಂಡು ನಿಂತರೆ ದಾರಿಯಲ್ಲಿ ಎಲ್ಲೋ ಒಂದು 100 ಮೆಗಾಬಿಟ್‌ನ ಬಾಗಿಲು ಇದೆ ಎಂದರ್ಥ.

ಸ್ಟುಡಿಯೋಗೆ ಹೋದಾಗ ಮೊದಲು ಮಾಡಿದ್ದು ರೂಟರಿನ ಪಕ್ಕದಲ್ಲೇ ನಿಂತು ಯಜಮಾನರ ಮೊಬೈಲನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ ಸ್ಪೀಡ್ ಟೆಸ್ಟ್. ಡೌನ್‌ಲೋಡ್ 188, ಅಪ್‌ಲೋಡ್ 94. ವೈಫೈಯನ್ನು ಬೈಯುತ್ತಿದ್ದರು, ಆದರೆ ವೈಫೈಯಲ್ಲಿ 188 ಬರುತ್ತಿದೆ, ಕೇಬಲ್ ಹಾಕಿದ ಕಂಪ್ಯೂಟರಿನಲ್ಲಿ 94. ತಂತಿಯೇ ಗಾಳಿಗಿಂತ ನಿಧಾನವಾಗಿದ್ದರೆ ದೋಷ ತಂತಿಯಲ್ಲಿದೆ. ಅಪ್‌ಲೋಡಿನ 94 ಬೇರೆಯೇ ಒಂದು ಸುಳಿವು. ಅದನ್ನೂ ಅಲ್ಲೇ ಗುರುತು ಮಾಡಿಕೊಂಡೆ. ಯಜಮಾನರು ಮಾತ್ರ ಮೇಲಿನ ದೊಡ್ಡ ಅಂಕಿಯನ್ನಷ್ಟೇ ನೋಡಿ "ಮೊಬೈಲಿಗೆ ಬಂದದ್ದು ಕಂಪ್ಯೂಟರಿಗೆ ಯಾಕೆ ಬರೂದಿಲ್ಲ?" ಎಂದು ಕೇಳಿದರು. ಸರಿಯಾದ ಪ್ರಶ್ನೆ.

ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ ತೆರೆದರೆ ಲಿಂಕ್ ಸ್ಪೀಡ್ 100/100 ಎಂದಿತ್ತು. ಕಂಪ್ಯೂಟರಿನ ಪೋರ್ಟ್ ಗಿಗಾಬಿಟ್‌ನದು, ರೂಟರಿನದೂ ಗಿಗಾಬಿಟ್‌ನದೇ. ಹಾಗಾದರೆ ಎರಡೂ ಸೇರಿ ನೂರಕ್ಕೆ ಒಪ್ಪಿಕೊಂಡದ್ದೇಕೆ? ಗೋಡೆಯ ಮೇಲೆ ಹಾದುಹೋದ ಕೇಬಲನ್ನು ಹಿಂಬಾಲಿಸಿ ಮೇಜಿನ ಕೆಳಗೆ ಬಗ್ಗಿ ನೋಡಿದಾಗ ಉತ್ತರ ಸಿಕ್ಕಿತು. ಲ್ಯಾನ್ ಕೇಬಲಿನ ಒಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ: ಕಿತ್ತಳೆ, ಹಸಿರು, ನೀಲಿ, ಕಂದು. 100 ಮೆಗಾಬಿಟ್‌ಗೆ ಕಿತ್ತಳೆ ಮತ್ತು ಹಸಿರು ಎರಡೇ ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಹಿಂದೆ ಯಾರೋ ಹೊಸ ಕೇಬಲ್ ಎಳೆಯುವ ಕೆಲಸ ಉಳಿಸಲು ಇದೇ ಕೇಬಲಿನ ನೀಲಿ, ಕಂದು ಜೋಡಿಗಳನ್ನು ಬೇರೆ ಮಾಡಿ, ಇನ್ನೊಂದು ಕನೆಕ್ಟರ್ ಕ್ರಿಂಪ್ ಮಾಡಿ (ತುದಿಗೆ ಒತ್ತಿ ಕೂರಿಸಿ) ಕೌಂಟರಿನ ಬಿಲ್ಲಿಂಗ್ ಕಂಪ್ಯೂಟರಿಗೆ ಕೊಟ್ಟಿದ್ದರು. ನಮ್ಮ ಕಡೆ ಹಳೆಯ ಅಂಗಡಿಗಳಲ್ಲಿ ಇದು ಮಾಮೂಲು. ನೆಟ್ ವೇಗ 10, 20 ಮೆಗಾಬಿಟ್ ಇದ್ದ ಕಾಲದಲ್ಲಿ ಇದರಿಂದ ಯಾರಿಗೂ ಏನೂ ನಷ್ಟವಾಗುತ್ತಿರಲಿಲ್ಲ. 100 ದಾಟಿದ ಮೇಲೆ ಇದೇ ಕೊರಳು ಹಿಡಿಯುತ್ತದೆ.

ಎಡಿಟಿಂಗ್ ಕಂಪ್ಯೂಟರಿಗೆ ಹೊಸ ಕ್ಯಾಟ್-6 ಕೇಬಲ್ ಎಳೆದು ನಾಲ್ಕೂ ಜೋಡಿ ಕ್ರಿಂಪ್ ಮಾಡಿದಾಗ ಲಿಂಕ್ ಸ್ಪೀಡ್ 1000/1000ಕ್ಕೆ ಬಂತು. ಡೌನ್‌ಲೋಡ್ 188. ಯಜಮಾನರ ಮುಖ ಅರಳಿತು. ಅವರು ಅಪ್‌ಲೋಡಿಗೆ ಹಾಕಿದರು. 11.2.

ಲೈನಿನ ಹುಡುಗನ ಮೈನಸ್ 19ಕ್ಕೂ ಇಲ್ಲೇ ಜಾಗ ಕೊಟ್ಟುಬಿಡುತ್ತೇನೆ. ಅದು ವೇಗವಲ್ಲ, ಮನೆಯವರೆಗೆ ಬಂದು ತಲುಪಿದ ಬೆಳಕಿನ ಬಲ. ಒಂದು ಮಿಲಿವ್ಯಾಟ್ ಬೆಳಕನ್ನು ಸೊನ್ನೆ ಎಂದು ಇಟ್ಟುಕೊಂಡ ಅಳತೆ. ಮೈನಸ್ 19 ಅಂದರೆ ಒಂದು ಮಿಲಿವ್ಯಾಟ್‌ನ ಸುಮಾರು ಎಂಬತ್ತನೇ ಒಂದು ಭಾಗ. ಊರುಗಳಲ್ಲಿ ಹಾಕುವ ಸಾಮಾನ್ಯ ಫೈಬರ್ ಮೋಡೆಮ್ ಮೈನಸ್ 27ರವರೆಗೂ ಓದಬಲ್ಲದು. ಆ ಮಿತಿಯೊಳಗೆ ಇದ್ದರೆ 19 ಇದ್ದರೂ 23 ಇದ್ದರೂ ವೇಗ ಅಷ್ಟೇ ಬರುತ್ತದೆ. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿಯಿತ್ತು. ಈ ಅಂಕಿಯನ್ನು ಮೆಗಾಬಿಟ್‌ಗೆ ಬದಲಾಯಿಸುವ ಯಾವ ಸೂತ್ರವೂ ಇಲ್ಲ.

ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ

ಮೊಬೈಲಿನಲ್ಲಿ ಕಂಡ ಅಪ್‌ಲೋಡ್ 94 ಈಗ ಕೆಲಸಕ್ಕೆ ಬಂತು. ರೂಟರಿನ ಪಕ್ಕದಲ್ಲಿ, ಹಳೆಯ ಕೇಬಲಿನ ಸಂಬಂಧವೇ ಇಲ್ಲದೆ, ಅಪ್‌ಲೋಡ್ 94 ಇತ್ತು. ಅಂದರೆ ಎರಡನೆಯ ಬಾಗಿಲು ಕಂಪನಿಯ ಕಡೆಯೇ ಇದೆ. ಪ್ಲಾನಿನ ಪೂರ್ತಿ ವಿವರ ತರಿಸಿ ಓದಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ: ಡೌನ್‌ಲೋಡ್ 200ರವರೆಗೆ, ಅಪ್‌ಲೋಡ್ 100ರವರೆಗೆ. ಕೇಬಲಿನ ನೂರು, ಪ್ಲಾನಿನ ನೂರು ಎರಡೂ ಒಂದೇ ಅಂಕಿಯಾಗಿದ್ದರಿಂದ ಒಂದರ ಹಿಂದೆ ಒಂದು ಅಡಗಿ ನಿಂತಿದ್ದವು. ಕೇಬಲ್ ಒಂದನ್ನೇ ಸರಿ ಮಾಡಿ 'ಆಯ್ತು' ಎಂದು ಎದ್ದು ಬಂದಿದ್ದರೆ ಸ್ಟುಡಿಯೋದ ಕೆಲಸಕ್ಕೆ ಒಂದು ನಿಮಿಷವೂ ಉಳಿತಾಯ ಆಗುತ್ತಿರಲಿಲ್ಲ.

ಅಪ್‌ಲೋಡ್ ಕಡಿಮೆ ಕೊಡುವುದರ ಹಿಂದೆ ತಂತ್ರಜ್ಞಾನದ ಕಾರಣವೂ ಇದೆ. ನಮ್ಮ ಮನೆಗಳಿಗೆ ಬರುವ ಫೈಬರ್ ಬಹುಪಾಲು ಜಿಪಾನ್ ಎಂಬ ಪದ್ಧತಿಯದು. 2003ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದರ ಮಾನಕ ಹೊರಡಿಸಿತು. ಎಕ್ಸ್‌ಚೇಂಜಿನಿಂದ ಹೊರಡುವ ಒಂದು ಎಳೆ ಗಾಜಿನಲ್ಲಿ ಕೆಳಗಿಳಿಯಲು ಸೆಕೆಂಡಿಗೆ 2.488 ಗಿಗಾಬಿಟ್, ಮೇಲೇರಲು 1.244 ಗಿಗಾಬಿಟ್. ಏರುವುದಕ್ಕೆ ಸರಿಯಾಗಿ ಅರ್ಧ. ಇಳಿಯುವ ಬೆಳಕು 1490 ನ್ಯಾನೋಮೀಟರಿನದು, ಏರುವ ಬೆಳಕು 1310ರದು, ಆದ್ದರಿಂದ ಒಂದೇ ಎಳೆಯಲ್ಲಿ ಎರಡೂ ಡಿಕ್ಕಿಯಾಗದೆ ಓಡಾಡುತ್ತವೆ. ಬೀದಿಯ ಕಂಬದಲ್ಲಿ ಕಾಣುವ ಪೆಟ್ಟಿಗೆಯಲ್ಲಿ ಸ್ಪ್ಲಿಟರ್ ಇರುತ್ತದೆ. ಆ ಒಂದು ಎಳೆಯನ್ನು ಅದು 32 ಅಥವಾ 64 ಮನೆಗೆ ಹಂಚುತ್ತದೆ. 32 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೆ ತಲೆಗೆ ಇಳಿಯುವುದು ಸುಮಾರು 78 ಮೆಗಾಬಿಟ್, ಏರುವುದು 39 ಮೆಗಾಬಿಟ್. ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದು ಕಡಿಮೆ, ಆದ್ದರಿಂದಲೇ 200 ಎಂದು ಮಾರಲು ಸಾಧ್ಯ. ಹಗಲಲ್ಲಿ ಅಪ್‌ಲೋಡ್ ಮಾಡುವುದಕ್ಕಿಂತ ರಾತ್ರಿ ಹನ್ನೊಂದರ ನಂತರ ಮಾಡಿ ಎಂದು ಹೇಳುವುದೂ ಇದಕ್ಕೇ.

ಇಲ್ಲಿ ನನಗೆ ಒಂದು ಬಲವಾದ ತಕರಾರಿದೆ. ಸಿನಿಮಾ ನೋಡುವವರಿಗೆ ಡೌನ್‌ಲೋಡ್ ಮುಖ್ಯ. ಸ್ಟುಡಿಯೋ, ಆರ್ಕಿಟೆಕ್ಟ್ ಆಫೀಸು, ಸ್ಕ್ಯಾನಿಂಗ್ ಸೆಂಟರ್ ಇಂಥ ಕಡೆ ಜೀವ ಇರುವುದು ಅಪ್‌ಲೋಡಿನಲ್ಲಿ. ಅವರಿಗೆ ಪ್ಲಾನ್ ಮಾರುವಾಗ ಎರಡೂ ಅಂಕಿಗಳನ್ನು ಒಂದೇ ಗಾತ್ರದ ಅಕ್ಷರದಲ್ಲಿ, ಪಕ್ಕದಲ್ಲಿ 'ಸೆಕೆಂಡಿಗೆ ಇಷ್ಟು ಮೆಗಾಬೈಟ್' ಎಂದೂ ಸೇರಿಸಿ, ಕನ್ನಡದಲ್ಲಿ ಅಚ್ಚು ಹಾಕಿಕೊಡಬೇಕು. ಅಷ್ಟು ಮಾಡಿದ್ದರೆ ಈ ಪ್ರಕರಣ ಹುಟ್ಟುತ್ತಲೇ ಇರಲಿಲ್ಲ.

ಮಾತಿನ ಮಧ್ಯೆ ಯಜಮಾನರು ಕೇಳಿದ ಇನ್ನೊಂದು ಪ್ರಶ್ನೆ: "ಫೈಬರ್ ಅಂದ್ರೆ ಬೆಳಕಿನ ವೇಗದಲ್ಲಿ ಹೋಗ್ತದೆ ಅಂತಾರಲ್ಲ?" ಹೋಗುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನ ಮುನ್ನೂರೈವತ್ತು ಕಿಲೋಮೀಟರ್ ಅದಕ್ಕೆ ಎರಡು ಮಿಲಿಸೆಕೆಂಡಿನ ದಾರಿಯೂ ಅಲ್ಲ. ಆದರೆ ಅದು ಮೊದಲ ಬಿಟ್ ಎಷ್ಟು ಬೇಗ ತಲುಪುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಸೆಕೆಂಡಿಗೆ ಎಷ್ಟು ಬಿಟ್ ಹೊರಡಬಹುದು ಎಂಬುದನ್ನು ತೀರ್ಮಾನಿಸುವುದು ಪ್ಲಾನು, ಮೋಡೆಮ್, ಕೇಬಲ್.

ಕ್ಯಾಮೆರಾ ಆಡುವುದೂ ಬಿಟ್ ಭಾಷೆಯೇ

ಹೆಚ್ಚು ದುಡ್ಡಿನ ಪ್ಲಾನ್ ತೆಗೆದುಕೊಳ್ಳಬೇಕೇ ಎಂಬುದು ಈಗ ಪ್ರಶ್ನೆ. ತೀರ್ಮಾನಕ್ಕೆ ಮೊದಲು ಕ್ಯಾಮೆರಾ ತರಿಸಿ ಮೆನು ತೆರೆಸಿದೆ. 4ಕೆ ರೆಕಾರ್ಡಿಂಗ್ ಗುಣಮಟ್ಟದ ಸಾಲಿನಲ್ಲಿ '100ಎಂ' ಎಂದು ಬರೆದಿತ್ತು. ಇದು ಸೆಕೆಂಡಿಗೆ 100 ಮೆಗಾಬಿಟ್. ಎಷ್ಟೋ ವರ್ಷದಿಂದ ದಿನಾ ಆರಿಸುತ್ತಿದ್ದ ಆ ಅಂಕಿಯೂ ನೆಟ್ ಪ್ಲಾನಿನ ಅಂಕಿಯೂ ಒಂದೇ ಅಳತೆ ಎಂಬುದು ಯಜಮಾನರಿಗೆ ಹೊಳೆದದ್ದು ಆಗ. ಸೆಕೆಂಡಿಗೆ 12.5 ಮೆಗಾಬೈಟ್, ನಿಮಿಷಕ್ಕೆ 750, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಸೇರಿ ನಿಶ್ಚಿತಾರ್ಥ, ಮುಹೂರ್ತ, ಆರತಕ್ಷತೆ ಎಲ್ಲ ಕೂಡಿ ಎಂಟು ಗಂಟೆಯ ಫೂಟೇಜ್ ಇತ್ತು. 45 ಎಂಟಲಿ 360. ಜಿಬಿ ತಾನಾಗಿಯೇ ಕೂಡಿಬಂತು.

ಎರಡೂ ಬಿಟ್‌ನಲ್ಲೇ ಇರುವುದರಿಂದ ವಿಡಿಯೊದವರು ಎಂಟರಿಂದ ಭಾಗಿಸುವ ಗೋಜಿಗೇ ಹೋಗಬೇಕಿಲ್ಲ. ಶೂಟ್ ಮಾಡಿದ ಗಂಟೆಗಳನ್ನು ಕ್ಯಾಮೆರಾದ ಮೆಗಾಬಿಟ್‌ನಿಂದ ಗುಣಿಸಿ, ಸ್ಪೀಡ್ ಟೆಸ್ಟ್ ತೋರಿಸಿದ ಅಪ್‌ಲೋಡ್ ಮೆಗಾಬಿಟ್‌ನಿಂದ ಭಾಗಿಸಿದರೆ ಅಪ್‌ಲೋಡಿಗೆ ಬೇಕಾದ ಗಂಟೆಗಳು ಬರುತ್ತವೆ. ಎಂಟು ಗಂಟೆ ಗುಣಿಸು 100, ಭಾಗಿಸು 94: ಎಂಟೂವರೆ ಗಂಟೆ. 100 ಮೆಗಾಬಿಟ್‌ನಲ್ಲಿ ಶೂಟ್ ಮಾಡಿದ್ದನ್ನು 100 ಮೆಗಾಬಿಟ್‌ನ ದಾರಿಯಲ್ಲಿ ಕಳಿಸಿದರೆ ಶೂಟ್ ಮಾಡಿದಷ್ಟೇ ಹೊತ್ತು ಬೇಕೇಬೇಕು. ಅಪ್‌ಲೋಡ್ 200 ಇದ್ದರೆ ನಾಲ್ಕು ಗಂಟೆ ಕಾಲು. ಕ್ಯಾಮೆರಾವನ್ನು '60ಎಂ'ಗೆ ಇಳಿಸಿದರೆ ಈಗಿನ ಲೈನಿನಲ್ಲೇ ಐದು ಗಂಟೆ ಚಿಲ್ಲರೆ. ಆದರೆ ಕಲ್ಯಾಣ ಮಂಟಪದ ಬಣ್ಣದ ದೀಪದಲ್ಲಿ ಅದು ಬೇಡ ಎಂದು ಯಜಮಾನರೇ ಹೇಳಿದರು. ಆ ವಿಷಯದಲ್ಲಿ ಅವರ ಮಾತೇ ಕೊನೆ.

ಫೋಟೊಗಳಿಗೆ ಈ ಸುಲಭದ ದಾರಿ ಇಲ್ಲ. 30 ಮೆಗಾಬೈಟಿನ ಎರಡು ಸಾವಿರ ರಾ ಫೈಲುಗಳು (ಕ್ಯಾಮೆರಾ ಬರೆದಿಟ್ಟ ಮೂಲ ಫೋಟೊಗಳು) ಎಂದರೆ 60 ಜಿಬಿ. ಇಲ್ಲಿ ಎಂಟರ ಗುಣಾಕಾರ ಬೇಕು: 480 ಗಿಗಾಬಿಟ್, 94ರ ದಾರಿಯಲ್ಲಿ ಒಂದು ಗಂಟೆ ಇಪ್ಪತ್ತೈದು ನಿಮಿಷ. ಬಾಯಿಲೆಕ್ಕಕ್ಕೆ ನಾನು ಹೇಳಿಕೊಡುವುದು ಇಷ್ಟೇ: ಪ್ರತಿ 100 ಮೆಗಾಬಿಟ್‌ಗೆ ಗಂಟೆಗೆ 40 ಜಿಬಿ ಎಂದು ಹಿಡಿಯಿರಿ. ನಿಜವಾಗಿ 42ರವರೆಗೆ ಹೋಗುತ್ತದೆ. ಎರಡು ಜಿಬಿ ಕೈಯಲ್ಲಿರಲಿ.

ಬಸ್ಸನ್ನೂ ಮೆಗಾಬಿಟ್‌ಗೆ ತಂದು ನೋಡಿದೆವು. ಸಂಜೆ ಸಾಗರದಲ್ಲಿ 360 ಜಿಬಿಯನ್ನು ಡಿಸ್ಕಿಗೆ ಕಾಪಿ ಮಾಡಲು ಸೆಕೆಂಡಿಗೆ 100 ಮೆಗಾಬೈಟಿನಂತೆ ಒಂದು ಗಂಟೆ. ರಾತ್ರಿ ಒಂಬತ್ತಕ್ಕೆ ಬಸ್ಸಿಗೆ ಕೊಟ್ಟರೆ ಬೆಳಿಗ್ಗೆ ಒಂಬತ್ತಕ್ಕೆ ಎಡಿಟರ್ ಕೈಯಲ್ಲಿ. ಅಲ್ಲಿ ಕಾಪಿಗೆ ಮತ್ತೆ ಒಂದು ಗಂಟೆ. ಹದಿನಾಲ್ಕು ಗಂಟೆಯಲ್ಲಿ 2880 ಗಿಗಾಬಿಟ್ ಎಂದರೆ ಸೆಕೆಂಡಿಗೆ 57 ಮೆಗಾಬಿಟ್. 94ರ ಲೈನ್ ಇದನ್ನು ಸೋಲಿಸುತ್ತದೆ. ಆದರೆ ಸೀಸನ್ ಜೋರಿದ್ದು ಐದು ಮದುವೆ ಒಟ್ಟಿಗೆ ಸೇರಿದರೆ? 1800 ಜಿಬಿ, ಎರಡೂ ಕಡೆ ಕಾಪಿಗೆ ಐದೈದು ಗಂಟೆ, ಪ್ರಯಾಣ ಅದೇ ಹನ್ನೆರಡು. ಒಟ್ಟು 22 ಗಂಟೆ, ಸೆಕೆಂಡಿಗೆ 182 ಮೆಗಾಬಿಟ್. ಈಗಿನ 94ರ ಲೈನಿನಲ್ಲಿ ಅಷ್ಟನ್ನು ಕಳಿಸಲು 42 ಗಂಟೆ ದಾಟುತ್ತದೆ. ಅಪ್‌ಲೋಡನ್ನು 200 ಮಾಡಿಸಿಕೊಂಡರೂ 21 ಗಂಟೆ ಚಿಲ್ಲರೆ, ಬಸ್ಸಿನ ಸಮಕ್ಕೆ ಸಮ. ಬಸ್ಸಿನ ಪ್ರಯಾಣದ ಹೊತ್ತು ಸಾಮಾನು ಎಷ್ಟಿದ್ದರೂ ಬದಲಾಗುವುದಿಲ್ಲ. ಲೈನಿನ ಹೊತ್ತು ಸಾಮಾನಿಗೆ ತಕ್ಕಂತೆ ಬೆಳೆಯುತ್ತಲೇ ಹೋಗುತ್ತದೆ.

ತಿಂಗಳ ಮಿತಿ ಎಂಬ ಮೂರನೆಯ ಅಂಕಿ

ಪ್ಲಾನಿನ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಹೆಸರಿಗೆ ಅನಿಯಮಿತ, ಆದರೆ ತಿಂಗಳಿಗೆ 3300 ಜಿಬಿ ದಾಟಿದರೆ ವೇಗ 2 ಮೆಗಾಬಿಟ್‌ಗೆ ಇಳಿಯುತ್ತದೆ. ಏರಿಸಿದ್ದೂ ಇಳಿಸಿದ್ದೂ ಎರಡೂ ಲೆಕ್ಕಕ್ಕೆ. ಮನೆಯವರಿಗೆ 3300 ಜಿಬಿ ಮುಗಿಯುವ ಮಾತೇ ಅಲ್ಲ. ಸ್ಟುಡಿಯೋಗೆ ಅದು ಒಂಬತ್ತು ಮದುವೆ. ವೈಶಾಖದಲ್ಲಿ ಇವರು ಅದಕ್ಕಿಂತ ಹೆಚ್ಚು ಮಾಡುತ್ತಾರೆ. ಹತ್ತನೆಯ ಮದುವೆಗೆ ಸಿಗುವುದು ಸೆಕೆಂಡಿಗೆ ಕಾಲು ಮೆಗಾಬೈಟ್. 360 ಜಿಬಿಗೆ ಹದಿನಾರು ದಿನ ಹದಿನಾರು ಗಂಟೆ, ಅದೂ ನಡುವೆ ಒಮ್ಮೆಯೂ ಕರೆಂಟ್ ಹೋಗದಿದ್ದರೆ. 2 ಮೆಗಾಬಿಟ್ ಎಂಬುದು ನಮ್ಮ ದೇಶದಲ್ಲಿ 2023ರಿಂದ ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗ. ಆದ್ದರಿಂದ ಆ ಸ್ಥಿತಿಯಲ್ಲೂ ಅದು ಬ್ರಾಡ್‌ಬ್ಯಾಂಡೇ.

ಈ ಮೂರನೆಯ ಅಂಕಿಯೇ ತೀರ್ಮಾನವನ್ನು ಬದಲಾಯಿಸಿತು. ಅಪ್‌ಲೋಡ್ ಎಷ್ಟೇ ಹೆಚ್ಚಿಸಿದರೂ ತಿಂಗಳ ಮಿತಿ ಅಷ್ಟೇ ಬೇಗ ಮುಗಿಯುತ್ತದೆ. ಆದ್ದರಿಂದ ಕಳಿಸುವ ಸಾಮಾನನ್ನೇ ಇಳಿಸುವುದು ಸರಿ ಎಂದು ನಾನು ಹೇಳಿದೆ. ಎಡಿಟರ್ ಕೂಡಲೇ ಒಪ್ಪಿದರು. ಪ್ರತಿ ಕ್ಲಿಪ್ಪಿಗೂ 10 ಮೆಗಾಬಿಟ್‌ನ ಒಂದು ಸಣ್ಣ ಪ್ರತಿ ಮಾಡಿಕೊಳ್ಳುವುದು. ಎಡಿಟಿಂಗ್‌ನವರು ಇದನ್ನು ಪ್ರಾಕ್ಸಿ ಎನ್ನುತ್ತಾರೆ. ಕೆಲವು ಕ್ಯಾಮೆರಾಗಳು ಶೂಟ್ ಮಾಡುವಾಗಲೇ ಜೊತೆಯಲ್ಲಿ ಪ್ರಾಕ್ಸಿ ಬರೆದುಕೊಳ್ಳುತ್ತವೆ. ಇವರ ಕ್ಯಾಮೆರಾದಲ್ಲಿ ಅದು ಇಲ್ಲದ್ದರಿಂದ ಸಂಜೆ ಕಂಪ್ಯೂಟರಿನಲ್ಲಿ ಮಾಡಿಸುತ್ತಾರೆ. ಎಂಟು ಗಂಟೆ ಗುಣಿಸು 10, ಭಾಗಿಸು 94: ಐವತ್ತೊಂದು ನಿಮಿಷ, 36 ಜಿಬಿ. ಎಡಿಟರ್ ಅದರ ಮೇಲೆಯೇ ಕತ್ತರಿಸಿ ಜೋಡಿಸಿ, ಬಳಕೆಯಾದ ಕ್ಲಿಪ್ಪುಗಳ ಪಟ್ಟಿ ಕಳಿಸುತ್ತಾರೆ. ಒಂದು ಮದುವೆಗೆ ಒಂದೂವರೆ ಗಂಟೆಯಷ್ಟು ಅಸಲಿ ಫೂಟೇಜ್ ಬೇಕಾಗುತ್ತದೆ. ಅದು 67.5 ಜಿಬಿ, ಒಂದು ಗಂಟೆ ಮೂವತ್ತಾರು ನಿಮಿಷ. ಎರಡೂ ಸೇರಿ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಸಿದ್ಧವಾದ ಸಿನಿಮಾ 25 ಜಿಬಿ ಇಳಿಸಿಕೊಳ್ಳುವುದಕ್ಕೆ, ಕೇಬಲ್ ಸರಿಯಾಗಿರುವುದರಿಂದ, ಹದಿನೆಂಟು ನಿಮಿಷ ಸಾಕು. ಒಂದು ಮದುವೆಗೆ ಒಟ್ಟು 130 ಜಿಬಿಗೂ ಕಡಿಮೆ, ತಿಂಗಳ ಮಿತಿಯಲ್ಲಿ 25 ಮದುವೆಗೆ ಸಾಕಾಗುತ್ತದೆ. ಬಿಲ್ ಒಂದು ರೂಪಾಯಿಯೂ ಏರಲಿಲ್ಲ.

ಈಗ ಮೇಜಿನ ಕೆಳಗೆ ಹೊಸ ಕೇಬಲ್, ರೂಟರಿಗೆ ಒಂದು ಸಣ್ಣ ಯುಪಿಎಸ್, ಪ್ಲಾನು ಅದೇ ಹಳೆಯದು. ಫೈಲುಗಳನ್ನು ನಾಲ್ಕು ಜಿಬಿಯ ಆಸುಪಾಸಿನ ತುಂಡುಗಳಾಗಿ ಇಟ್ಟುಕೊಳ್ಳುತ್ತಾರೆ. ಕರೆಂಟ್ ಹೋದರೆ ಆ ಒಂದು ತುಂಡಿನ ಆರು ನಿಮಿಷದ ಕೆಲಸ ಮಾತ್ರ ವ್ಯರ್ಥ. ಪೂರ್ತಿ ಫೂಟೇಜಿನ ಎರಡು ಪ್ರತಿಗಳು ಸ್ಟುಡಿಯೋದಲ್ಲೇ ಬೇರೆ ಬೇರೆ ಡಿಸ್ಕಿನಲ್ಲಿ ಉಳಿಯುತ್ತವೆ. ಬಸ್ಸಿನ ಪಾರ್ಸೆಲ್ ಪೂರ್ತಿ ನಿಂತಿಲ್ಲ. ಹಾಡು, ನೃತ್ಯ, ಡ್ರೋನ್ ಎಲ್ಲ ಇರುವ ದೊಡ್ಡ ಮದುವೆಯ ಅಸಲಿ ಫೂಟೇಜ್ ಪೂರ್ತಿ ಬೇಕೆಂದು ಎಡಿಟರ್ ಕೇಳಿದಾಗ ಮೂರನೆಯ ಪ್ರತಿಯನ್ನು ಈಗಲೂ ಬಸ್ಸಿಗೆ ಹಾಕುತ್ತಾರೆ. ಆ ಡಿಸ್ಕ್ ಕಳೆದುಹೋದರೂ ಮದುವೆ ಕಳೆದುಹೋಗುವುದಿಲ್ಲ. ಕಂಪನಿಗೆ ಬರೆದ ಅರ್ಜಿಯಲ್ಲಿ ಯಜಮಾನರು ಕೇಳಿರುವುದು ಎರಡೇ: ಏರುವ ವೇಗ ಮತ್ತು ಇಳಿಯುವ ವೇಗ ಎರಡನ್ನೂ ಬಿಲ್ಲಿನಲ್ಲಿ ನಮೂದಿಸಬೇಕು, ತಿಂಗಳ ಮಿತಿಯಲ್ಲಿ ಎಷ್ಟು ಉಳಿದಿದೆ ಎಂಬುದು ಮೆಸೇಜಿನಲ್ಲಿ ಬರಬೇಕು.